ಗೋಸುಂಬೆಗೆ ಗಾಜಿನ ಪೆಟ್ಟಿಗೆ ಬೇಡ

ರೀ,

ಆಟೋ ಬರುವುದರೊಳಗೆ ಬರೆಯುತ್ತಿದ್ದೇನೆ. ಮಧ್ಯಾಹ್ನದಿಂದ ಹೊಟ್ಟೆ ನೋಯುತ್ತಿದೆ, ಇನ್ನೂ ತಿಂಗಳು ತುಂಬಿಲ್ಲ. ಪಕ್ಕದ ಮನೆ ಮರಿತಾಯಮ್ಮನವರ ಜೊತೆ ಸರ್ಕಾರಿ ಆಸ್ಪತ್ರೆಗೆ ಹೋಗುತ್ತಿದ್ದೇನೆ. ಡಿಪೋಗೆ ಫೋನ್ ಮಾಡಿಸಿದೆ, ನೀವು ಬಸ್ಸಿನ ಡ್ಯೂಟಿಯಲ್ಲಿದ್ದೀರಂತೆ.

ನೀವು ಹಂಗಳದ ರಸ್ತೆಯಿಂದ ಎತ್ತಿಕೊಂಡು ಬಂದ ಗೋಸುಂಬೆ ಇವತ್ತು ಸಾಯುವ ಹಾಗಾಗಿತ್ತು. ಗಾಜಿನ ಪೆಟ್ಟಿಗೆ ಬಿಸಿಲಿಗೆ ಕಾದು, ಒಳಗೆ ಅದು ಬಿಳುಚಿಕೊಂಡು ಬಾಯಿ ತೆರೆದು ಬಿದ್ದಿತ್ತು. ಗಾಜು ಬೇಡ ಎಂದು ಆವತ್ತೇ ಹೇಳಿದ್ದೆ. ದಾಸವಾಳದ ಕುಂಡಕ್ಕೆ ಬಿಟ್ಟು ಸೊಳ್ಳೆಪರದೆ ಹೊದಿಸಿದ್ದೇನೆ, ಈಗ ಹಸಿರಿಗೆ ತಿರುಗುತ್ತಿದೆ. ಅದಕ್ಕೆ ತಂತಿಬಲೆಯ ಗೂಡು ಮಾಡಿ, ಗಾಳಿಯಾಡಬೇಕು. ಹತ್ತಲು ಅಡ್ಡಡ್ಡ ಕೊಂಬೆ ಕಟ್ಟಿ. ಬೆಳಗಿನ ಬಿಸಿಲು ಸಾಕು, ಒಂದು ಕಡೆ ನೆರಳಿರಲಿ. ಬಟ್ಟಲಿನ ನೀರು ಕುಡಿಯುವುದಿಲ್ಲ, ಎಲೆಗಳ ಮೇಲೆ ಚಿಮುಕಿಸಿ. ತಿನ್ನಿಸಲು ಔಷಧಿ ಹೊಡೆದ ಹೊಲದ ಮಿಡತೆ ಮಾತ್ರ ತರಬೇಡಿ.

ಅತ್ತೆ ಗೋಸುಂಬೆಯನ್ನು ಬೀದಿಗೆ ಎಸೆಯುತ್ತೇನೆ ಎನ್ನುತ್ತಿದ್ದಾರೆ. “ಬಸುರಿ ಎಂಗ್ಸು ಅದ್ನೇ ನೋಡ್ಕಂಡು ಕೂತಿದ್ರೆ ಇಂಗೇ ಆಗೋದು ಕಣಮ್ಮಿ” ಎಂದರು. ಅವರ ಮೇಲೆ ರೇಗಬೇಡಿ. ಆಸ್ಪತ್ರೆಗೆಂದು ನನ್ನ ಸೀರೆ ಮಡಿಸಿ ಚೀಲಕ್ಕೆ ತುಂಬಿಕೊಟ್ಟವರೂ ಅವರೇ. ನಾನು ಅದನ್ನೆಲ್ಲ ನಂಬುವುದಿಲ್ಲ. ಆದರೆ ಬೆಳಗ್ಗೆಯಿಂದ ಮಗು ಅಲುಗಾಡಿಲ್ಲ. ಅತ್ತೆಗೆ ಇದನ್ನು ಹೇಳಿಲ್ಲ, ನೀವೂ ಹೇಳಬೇಡಿ.

ಆಟೋ ಬಂತು. ಗೂಡನ್ನು ನಾಳೆ ಮಾಡಿದರಾಯಿತು. ಮನೆಯಲ್ಲಿ ಕೂರದೆ ಮೊದಲು ನನ್ನ ಹತ್ತಿರ ಬನ್ನಿ. ನನಗೆ ತುಂಬ ಭಯವಾಗುತ್ತಿದೆ.

ಮೀನಾ