ಚಾಟ್ಸ್‌ವರ್ತ್‌ನ ಬೀಗಿತ್ತಿ

ಸ್ಯಾನ್ ಡಿಯಾಗೋ
ಮಾರ್ಚ್ ೨೦೨೪

ಪೂಜ್ಯ ಅತ್ತೆಯವರಿಗೆ ನೀರಜಾಳ ನಮಸ್ಕಾರಗಳು.

"ಸೀಮೆ, ಮನೆತನ ವಿಚಾರಿಸದೆ ಹುಡುಗಿ ಕೊಡ್ತೀಯೇನೆ?" ಎಂದು ಫೋನಿನಲ್ಲಿ ಕೇಳಿದ್ದಿರಿ. ಅದೇ ಅಳುಕಿನಲ್ಲಿ ನಿನ್ನೆ ಚಾಟ್ಸ್‌ವರ್ತ್‌ಗೆ, ನಿಮ್ಮ ಮೊಮ್ಮಗಳು ಸಂಹಿತಾ ಮೆಚ್ಚಿದ ಹುಡುಗ ಕೀರನ್‌ನ ಅಜ್ಜಿಯ ಮನೆಗೆ ಹೋಗಿದ್ದೆ.

ಅಜ್ಜಿ ಐರ್ಲೆಂಡಿನವರು. ಚಹಾ ಬಗ್ಗಿಸುವ ಮೊದಲೇ, "ನಿಮ್ಮದು ಯಾವ ಕೌಂಟಿ?" ಎಂದರು. ಸ್ಯಾನ್ ಡಿಯಾಗೋ ಎಂದೆ.

"ಅದು ನೀನು ಬಾಡಿಗೆಗಿರೋ ಜಾಗ ಕಣಮ್ಮ. ನಿಮ್ಮ ಜನ ಎಲ್ಲಿಯವರು?"

ಅವರ ಕಾನಟ್ ಪ್ರಾಂತ್ಯದಲ್ಲಿ, ನಮ್ಮ ಜಿಲ್ಲೆಗಳ ಹಾಗೆ, ಐದು ಕೌಂಟಿಗಳು, ಒಂದೊಂದರಲ್ಲೂ ಹಳೆಯ ಮನೆತನಗಳು. ಇವರು ಲೀಟ್ರಿಮ್ ಕೌಂಟಿಯ ಓರೂರ್ಕ್ ಮನೆತನ. ಪಕ್ಕದ ಕೌಂಟಿಯಿಂದ ಸೊಸೆ ತರುವಾಗಲೂ ಮೂರು ತಲೆಮಾರು ವಿಚಾರಿಸುತ್ತಿದ್ದರಂತೆ. ನಾನು ಶಿರಾ ಸೀಮೆ ಎಂದು ಶುರುಮಾಡಿ, ನಿಮ್ಮ ಮಾವನವರ ಹೆಸರಿಗೇ ತಡವರಿಸಿದೆ. ಆಗ ಅವರು ನನ್ನನ್ನು ನೋಡಿದ ನೋಟ ಥೇಟ್ ನಿಮ್ಮದೇ. ಎದೆ ಹಗುರಾಯಿತು ಅತ್ತೆ.

"ನಿನಗೇನೂ ಗೊತ್ತಿಲ್ಲ. ನಿಮ್ಮತ್ತೆ ಹತ್ತಿರ ಮಾತಾಡದೆ ನಾನು ಒಪ್ಪಲ್ಲ," ಎಂದಿದ್ದಾರೆ.

ಯುಗಾದಿಯ ಬೆಳಿಗ್ಗೆ ವಿಡಿಯೊ ಕಾಲ್ ಮಾಡುತ್ತೇವೆ. ಕಿವಿಯ ಮೆಷಿನ್ ಹಾಕಿಕೊಂಡಿರಿ. ಸಂಹಿತಾ ಇಬ್ಬರ ಮಾತನ್ನೂ ತಿರುಗಿಸಿ ಹೇಳುತ್ತಾಳೆ. ನೀವೂ ಬಿಡಬೇಡಿ, ಅವರ ಮೂರು ತಲೆಮಾರು ಕೇಳಿ. ಕೊನೆಗೂ ನಿಮಗೆ ಸರಿಸಾಟಿ ಬೀಗಿತ್ತಿ ಸಿಕ್ಕಿದ್ದಾರೆ.

ನಿಮ್ಮ ಸೊಸೆ,
ನೀರಜಾ