ಒಂದೇ ಕೈಲಿ ಎತ್ತೋ ಟೇಬಲ್

ಮಾರ್ಚ್ 3, ಭಾನುವಾರ

ಟೇಬಲ್ಲಿನ ಎರಡನೇ ಅರ್ಧವೂ ಅಂಟಿಸಿ ಆಯ್ತು. ನಡುವೆ ಥರ್ಮಾಕೋಲ್, ಮೇಲೆ ಕೆಳಗೆ ತೆಳು ಪ್ಲೈವುಡ್. ಒಣಗೋವರೆಗೂ ಅಲ್ಲಾಡದೆ ಇರ್ಲಿ ಅಂತ ಮೇಲೆ ನೀರು ತುಂಬಿದ ಬಕೆಟ್ಟು. ಎರಡಕ್ಕೂ ಕೀಲು ಹಾಕಿದ್ರೆ ಸೂಟ್‌ಕೇಸ್ ಥರ ಮಡಚಬಹುದು.

ಭಾವ ಬಂದು ತಟ್ಟಿ ನೋಡಿದ್ರು. "ಟ್ರ್ಯಾಕಿನ ಸೀಳಲ್ಲಿ ಓಡೋ ಅಂಗೈಯಗಲದ ಆಟದ ಕಾರಿಗೆ ಇಷ್ಟೆಲ್ಲ ಯಾಕೋ? ಇದು ಟೇಬಲ್ಲೋ ಗಾಳಿಪಟಾನೋ?"

"ನಮ್ಮ ರೇಸ್ ಕ್ಲಬ್ಬಲ್ಲಿ ಟೇಬಲ್ ಹೊತ್ತು ಎಲ್ಲರಿಗೂ ಸೊಂಟ ನೋವು ಭಾವ. ಅದಕ್ಕೇ ಹಗುರ."

ಸುಳ್ಳು. ಹೋದ ತಿಂಗಳು ಕ್ಲಬ್ಬಿನ ಮೆಟ್ಟಿಲ ಮೇಲೆ ಹಳೇ ಟೇಬಲ್ಲಿನ ನನ್ನ ತುದಿ ಬಿತ್ತು. ಭಾವನ ಪಾದ ಒಂದು ಬೆರಳಿನ ಅಂತರದಲ್ಲಿ ಉಳೀತು. ಜಾರಿದ್ದಲ್ಲ... ಎಡಗೈ ತಾನಾಗೇ ಬಿಟ್ಟುಬಿಡ್ತು. ಎಲ್ಲರೂ ನಕ್ರು. ನಾನೂ ನಕ್ಕೆ.

ಮಾರ್ಚ್ 6

ಅಂಗಡೀಲಿ ಕನ್ನಡಕದ ಸ್ಕ್ರೂ ನಾಲ್ಕು ಸಲ ಬಿತ್ತು. ಎಡಗೈ ಫ್ರೇಮನ್ನೇ ಹಿಡೀತಿಲ್ಲ. "ಏನ್ರೀ, ನಿದ್ದೆ ಆಗಿಲ್ವಾ?" ಅಂದ್ರು ಮಾಲೀಕರು. ಹೂಂ ಅಂದೆ. ಇಪ್ಪತ್ತೆರಡು ವರ್ಷ ಇದೇ ಕೆಲಸ. ಬೇರೆ ಏನೂ ಬರಲ್ಲ ನನಗೆ. ಮುಂದೆ ಯೋಚಿಸೋದು ಬೇಡ.

ಮಾರ್ಚ್ 10, ಸಂಜೆ

ಅಲ್ಯೂಮಿನಿಯಂ ಕಾಲು ಸೇರಿ ಒಂಬತ್ತು ಕಿಲೋ. ಹಳೇದು ನಲವತ್ತರ ಮೇಲಿತ್ತು. ಹಿಡಿ ಒಂದೇ, ಸರೀ ನಡುವೆ.

"ಒಂದೇ ಹಿಡಿ ಯಾಕೆ?" ಅಂದಳು ಹೆಂಡತಿ.

"ಇನ್ನೊಂದು ಕೈಲಿ ಕಾರಿನ ಡಬ್ಬ ಬೇಕಲ್ಲ."

ಒಳಗೆ ಹೋದಳು.

ಮಾರ್ಚ್ 11

ಸಕ್ಕರೆ ಡಬ್ಬ ಎತ್ತಿದೆ, ಮುಚ್ಚಳ ಕೈಗೇ ಬಂತು. ಕಾಫಿ ಪುಡಿದೂ ಹಾಗೇ. ನೀರಿನ ಬಾಟ್ಲಿ, ತಲೆನೋವಿನ ಮುಲಾಮು — ಮನೇಲಿರೋ ಒಂದು ಮುಚ್ಚಳವೂ ಬಿಗಿಯಾಗಿಲ್ಲ.

"ಎಷ್ಟು ದಿನದಿಂದ ಸಡಿಲ ಮಾಡಿಡ್ತಿದೀಯ?"

"ಮೂರು ವಾರ" ಅಂದಳು, ಈ ಕಡೆ ತಿರುಗದೆ.

"ಕೇಳ್ಲಿಲ್ಲ ಯಾಕೆ?"

"ಕೇಳಿದ್ರೆ ನಿಜ ಆಗಿಬಿಡುತ್ತೆ ಅಂತ ಭಯ ಆಯ್ತು ರೀ."

ಅವಳೇ ಡಾಕ್ಟರಿಗೆ ಫೋನ್ ಮಾಡಿದಳು.

ಮಾರ್ಚ್ 19

ನರದ ಪರೀಕ್ಷೆ. ಡಾಕ್ಟ್ರು ಕೈಯುದ್ದಕ್ಕೂ ಸೂಜಿ ಚುಚ್ಚಿ ಮಿಷನ್ನಿನ ಸದ್ದು ಕೇಳಿದ್ರು. ಆಮೇಲೆ — ನಾಲಿಗೆ ತೋರಿಸಿ ಅಂದ್ರು. ತುಂಬ ಹೊತ್ತು ನೋಡಿದ್ರು.

"ಕೈಗೂ ನಾಲಿಗೆಗೂ ಏನು ಸಂಬಂಧ ಡಾಕ್ಟ್ರೇ?"

"ಸುಮ್ನೆ. ಎಲ್ಲ ನೋಡಿಬಿಡೋಣ."

ಸುಮ್ನೆ ಯಾರಾದ್ರೂ ನಾಲಿಗೆ ನೋಡ್ತಾರಾ? ಬಂದಾಗಿಂದ ಕನ್ನಡಿ ಮುಂದೆ ನಾಲಿಗೆ ಚಾಚಿ ನಿಂತಿದ್ದೇ ಆಯ್ತು. ಶನಿವಾರ ರಿಪೋರ್ಟು. ಟೇಬಲ್ ಮುಟ್ಟಿಲ್ಲ.

ಮಾರ್ಚ್ 23

ನಾಲಿಗೇಲಿ ಹುಡುಕಿದ್ದು ಮೈಯ ಸ್ನಾಯುಗಳೆಲ್ಲ ಒಂದೊಂದಾಗಿ ಸಾಯೋ ಕಾಯಿಲೆಯಂತೆ, ಅದಲ್ಲವಂತೆ. ಕತ್ತಿನ ಮೂಳೆ ನರ ಒತ್ತಿದೆ. ಆಪರೇಷನ್. ಹೋದ ಶಕ್ತಿ ವಾಪಸ್ ಬರುತ್ತಾ ಅಂದೆ. "ಭರವಸೆ ಕೊಡಲ್ಲ. ತಡ ಮಾಡಿದೀರಿ."

ಅಲ್ಲಿಂದ ಮನೆಗೆ ಹೋಗಿ, ಟೇಬಲ್ ತಗೊಂಡು ಸೀದಾ ಕ್ಲಬ್ಬು. ಬಲಗೈಲಿ ಎತ್ತಿ ಇಪ್ಪತ್ತಾರು ಮೆಟ್ಟಿಲು ಹತ್ತಿದೆ, ನಿಲ್ಲದೆ. ಟ್ರ್ಯಾಕ್ ಜೋಡಿಸಿದ್ವಿ. ಒಂದು ಚೂರೂ ಅಲುಗಲಿಲ್ಲ. ಕಾರು ಬಿಡೋಕೆ ಆಗ್ಲಿಲ್ಲ ನನಗೆ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಆಚೆ ಭಾವ ನಿಂತಿದ್ರು. ಎಲ್ಲ ಹೇಳ್ದೆ, ಮೆಟ್ಟಿಲಿಂದು ಕೂಡ.

"ಪಾದ ನಂದಲ್ವೇನೋ? ಅವತ್ತೇ ನಿನ್ನ ಮುಖ ನೋಡ್ದೆ. ಕೇಳೋಕೆ ನನಗೂ ಧೈರ್ಯ ಬರ್ಲಿಲ್ಲ."

ಏಪ್ರಿಲ್ 2, ಬೆಳಗ್ಗೆ 6:40. ಆಸ್ಪತ್ರೆ.

ಇನ್ನು ಹತ್ತು ನಿಮಿಷ ಅಂದ್ರು ನರ್ಸ್. ಬಾಯಿ ಒಣಗಿದೆ, ನೀರು ಕುಡಿಯೋ ಹಾಗಿಲ್ಲ. ಹೆಂಡತಿ ಪಕ್ಕದಲ್ಲಿ ಕೂತು ಎಡಗೈ ಹಿಡ್ಕೊಂಡಿದಾಳೆ. ಬಲಗೈಲಿ ಇದು ಬರೀತಿದೀನಿ.

"ಗಟ್ಟಿಯಾಗಿ ಹಿಡ್ಕೊಳ್ಳಿ" ಅಂತಾಳೆ.

ಹಿಡ್ಕೊಂಡೆ.

"ಹಿಡ್ಕೊಳ್ಳಿ ರೀ" ಅಂತಾಳೆ ಮತ್ತೆ.

ಹಿಡ್ಕೊಂಡೇ ಇದೀನಲ್ಲ —