ಹಿಂದಿನ ಚಕ್ರಕ್ಕೆ ಕಟ್ಟಿದ ಸರಪಳಿ

ಟಿರೋಲ್, ಆಸ್ಟ್ರಿಯಾ
ಸೋಮವಾರ, ಫೆಬ್ರವರಿ 24

ರುಟ್ಗರ್,

ಹದಿಮೂರು ವರ್ಷ ‘ಪ್ರೀತಿಯ’ ಎಂದು ಬರೆದ ಕೈ ಇವತ್ತು ಆ ಪದದ ಹತ್ತಿರ ಹೋಗಲೊಲ್ಲದು. ನೀನು ಕೆಳಗಿನ ಊರಿನ ಗ್ಯಾರೇಜಿನಿಂದ ಬರುವಷ್ಟರಲ್ಲಿ ನಾನು ನಮ್ಮ ಮಗಳು ಫೆನ್ನಾಳನ್ನು ಕರೆದುಕೊಂಡು ರೈಲು ಹತ್ತಿರುತ್ತೇನೆ. ಹಾಲೆಂಡ್ ತಲುಪಿದ ಮೇಲೆ ಅಕ್ಕನ ಮನೆಯಲ್ಲಿರುತ್ತೇವೆ. ಇನ್ನು ಮುಂದೆ ನಿನ್ನ ಜೊತೆ ಒಂದೇ ಸೂರಿನಡಿ ಇರಬೇಕೋ ಬೇಡವೋ ಎಂದು ಅಲ್ಲಿ ಕೂತು ಯೋಚಿಸುತ್ತೇನೆ.

ಶನಿವಾರದ ಆ ಪ್ರಯಾಣದಿಂದಲೇ ಶುರುಮಾಡುತ್ತೇನೆ. ಆಸ್ಟ್ರಿಯಾದಲ್ಲಿ ಅಂಗಡಿಗಳೇ ಇಲ್ಲವೇನೋ ಎಂಬಂತೆ, ನಮ್ಮ ಕಡೆಯ ಎಲ್ಲರ ಹಾಗೆ ನಾವೂ ಆಲೂಗಡ್ಡೆ, ಚೀಸ್, ಕಡಲೆಕಾಯಿ ಬೆಣ್ಣೆ ಎಲ್ಲ ಹೇರಿಕೊಂಡು ರಜೆಗೆ ಹೊರಟಿದ್ದೆವು. ಮ್ಯೂನಿಕ್ ದಾಟುವಷ್ಟರಲ್ಲಿ ಬೇಯಿಸಿದ ಮೊಟ್ಟೆ, ಒದ್ದೆ ಉಣ್ಣೆ, ಫೆನ್ನಾಳ ವಾಂತಿ ಸೇರಿ ಕಾರು ಗಬ್ಬು ನಾರುತ್ತಿತ್ತು. ಕಿಟಕಿ ಇಳಿಸಿದರೆ ನೀನು ಗದರುತ್ತಿದ್ದೆ. ರಸ್ತೆಬದಿಯಲ್ಲಿ ಸಿಕ್ಕಿಬಿದ್ದ ನಮ್ಮ ಹಾಲೆಂಡಿನ ಹಳದಿ ನಂಬರ್ ಪ್ಲೇಟಿನ ಕಾರುಗಳನ್ನು ಕಂಡಾಗಲೆಲ್ಲ, ಚಪ್ಪಟೆ ನೆಲದವರಿಗೆ ಬೆಟ್ಟವೇನು ಗೊತ್ತು ಎಂದು ನಗುತ್ತಿದ್ದೆ, ನೀನೇನೋ ಬೆಟ್ಟದ ಮೇಲೆ ಹುಟ್ಟಿದವನ ಹಾಗೆ.

ಈ ಹಳ್ಳಿಗೆ ಏರುವ ದಾರಿಯಲ್ಲಿ ಹಿಮ ಜೋರಾಯಿತು, ಚಕ್ರ ಜಾರತೊಡಗಿತು. ಹಿಮದಲ್ಲಿ ಜಾರದ ಚಳಿಗಾಲದ ಟೈರು ಹಾಕಿಸಿಯೂ ಹೀಗೇಕೆ ಎಂದು ನಾನು ಕೇಳಿದೆ. ನವೆಂಬರಿನಲ್ಲೇ ಹಾಕಿಸಿದ್ದೇನೆ ಎಂದವನು ನೀನೇ ಅಲ್ಲವೇ? ನೀನು ಕೆಳಗಿಳಿದು, ಮುಕ್ಕಾಲು ಗಂಟೆ ಒದ್ದಾಡಿ, ಜಾರದಂತೆ ಟೈರಿಗೆ ಸುತ್ತುವ ಹಿಮದ ಸರಪಳಿಗಳನ್ನು ಹಿಂದಿನ ಚಕ್ರಗಳಿಗೆ ಕಟ್ಟಿದೆ. ನಮ್ಮ ಕಾರನ್ನು ಎಳೆಯುವುದು ಮುಂದಿನ ಚಕ್ರಗಳು ಎಂದು ನಾನು ಹೇಳಿದರೆ, ನನ್ನಪ್ಪ ಯಾವಾಗಲೂ ಹಿಂದಕ್ಕೇ ಕಟ್ಟುತ್ತಿದ್ದರು ಎಂದೆ ನೀನು. ನಿನ್ನಪ್ಪನ ಆ ಹಳೇ ಕಾರನ್ನು ತಳ್ಳುತ್ತಿದ್ದುದೇ ಹಿಂದಿನ ಚಕ್ರಗಳು ಎನ್ನುವುದು ನಿನ್ನ ತಲೆಗೆ ಹೋಗಲಿಲ್ಲ. ಸ್ವಲ್ಪ ದೂರ ತೆವಳಿದ ಕಾರು ಇಳಿಜಾರಿನ ತಿರುವಿನಲ್ಲಿ ಅಡ್ಡಡ್ಡ ಜಾರಿ, ದನದ ಕೊಟ್ಟಿಗೆಯ ಗೋಡೆಗೆ ಬಡಿಯಿತು. ಫೆನ್ನಾ ಕೂತಿದ್ದ ಬದಿಯ ಗಾಜು ಪುಡಿಯಾಗಿ ಅವಳ ಮಡಿಲಿಗೆ ಬಿತ್ತು. ಅವಳಿಗೆ ಒಂದು ಗೀರೂ ಆಗಲಿಲ್ಲ ಎನ್ನುವುದು ನಮ್ಮ ಪುಣ್ಯ.

ಅದನ್ನೆಲ್ಲ ಮರೆಯಬಹುದಿತ್ತು. ಆದರೆ ಅಪಘಾತ ನೋಡಲು ಬಂದ ಪೊಲೀಸಿನವನು ಬಗ್ಗಿ ನೋಡಿ, ಇವು ಬೇಸಿಗೆಯ ಟೈರುಗಳು, ಇದನ್ನು ನೋಡಿಕೊಂಡವರು ಯಾರು ಎಂದು ಕೇಳಿದಾಗ ನೀನು ನನ್ನ ಕಡೆ ಕೈ ತೋರಿಸಿದೆ.

“ಟೈರಿನ ವಿಷ್ಯ ಎಲ್ಲಾ ಇವಳದೇ. ಇವಳು ಮರೆತಿರಬೇಕು.”

“ನೀನೇ ಹಾಕಿಸಿದೀನಿ ಅಂದಿದ್ದೆಯಲ್ಲಪ್ಪಾ,” ಎಂದಳು ಫೆನ್ನಾ.

“ದೊಡ್ಡೋರ ಮಧ್ಯೆ ಬಾಯಿ ಹಾಕ್ಬೇಡ,” ಎಂದೆ ನೀನು, ಅವಳ ಕೂದಲಲ್ಲಿ ಇನ್ನೂ ಗಾಜಿನ ಚೂರು ಇರುವಾಗಲೇ.

ನನಗೆ ಸಿಟ್ಟು ಬರಲಿಲ್ಲ, ಹೇಸಿಗೆಯಾಯಿತು. ನಿನ್ನೆ ಈ ಬಾಡಿಗೆ ಮನೆಯಲ್ಲಿ ತಿಂಡಿಯ ಹೊತ್ತಿಗೆ ನೀನು ಬ್ರೆಡ್ಡಿಗೆ ಚಾಕೊಲೇಟಿನ ಚೂರು ಉದುರಿಸಿಕೊಂಡು ಚಪ್ಪರಿಸುತ್ತಿದ್ದಾಗ ನನಗೆ ಎದುರು ಕೂರಲಾಗಲಿಲ್ಲ. ಆಮೇಲೆ ಫೆನ್ನಾ ಅಡುಗೆಮನೆಗೆ ಬಂದು, ಅಮ್ಮಾ, ನಿಜಕ್ಕೂ ನೀನೇ ಮರೆತದ್ದಾ, ಟೈರು ಹಾಕಿಸಿಲ್ಲ ಅಂತ ನಿನಗೆ ಗೊತ್ತಿರಲಿಲ್ಲವಾ ಎಂದು ಕೇಳಿದಳು. ಗೊತ್ತಿರಲಿಲ್ಲ ಎಂದೆ. ನಿನ್ನ ಒಂದು ಸುಳ್ಳಿನಿಂದ ಮಗು ಈಗ ನನ್ನ ಮುಖವನ್ನೂ ಅನುಮಾನದಿಂದ ನೋಡುತ್ತಿದೆ.

ಆಲೂಗಡ್ಡೆ ಎಲ್ಲ ಇಲ್ಲೇ ಇದೆ. ಬೇಯಿಸಿಕೊಂಡು ತಿನ್ನು.

ಸದ್ಯಕ್ಕೆ ನಿನ್ನ ಹೆಂಡತಿ,
ಮಾರಿಟ್

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದ್ದೇನೆ. ಶನಿವಾರ ಊರಿಂದ ಹೊರಡುವ ಮುಂಚೆ, ಹಿಮದಲ್ಲಿ ಜಾರಿಸುವ ಸ್ಲೆಡ್ಜ್ ತರಲು ನಮ್ಮ ಮನೆಯ ಶೆಡ್ಡಿಗೆ ಹೋಗಿದ್ದೆ. ನಾಲ್ಕೂ ಚಳಿಗಾಲದ ಟೈರುಗಳು, ಅಂಗಡಿಯ ಚೀಟಿ ಸಹ ಕೀಳದೆ, ಗೋಡೆಗೆ ಒರಗಿದ್ದವು. ಒಂದು ಸಲ ದಾರಿಯಲ್ಲಿ ನಿನ್ನ ಸುಳ್ಳು ಬಯಲಾಗಿ ಎಲ್ಲರೆದುರು ನಿನ್ನ ಮಾನ ಹೋಗಲಿ ಎಂದುಕೊಂಡು ಸುಮ್ಮನೆ ಬಾಗಿಲು ಹಾಕಿದೆ. ಆಮೇಲೆ ಬಂದು ಫೆನ್ನಾಳಿಗೆ ಸೀಟ್ ಬೆಲ್ಟ್ ಕಟ್ಟಿದ್ದು ನಾನೇ. ರೈಲಿನಲ್ಲಿ ಅವಳಿಗೆ ಇದನ್ನು ಹೇಳುತ್ತೇನೆ. ಕೇಳಿದ ಮೇಲೆ ಅವಳು ನನ್ನ ಪಕ್ಕ ಕೂರುತ್ತಾಳೋ ಇಲ್ಲವೋ ಗೊತ್ತಿಲ್ಲ.